ಪದಚರ್ಚೆ: ಬಾಟ್ಲಿಯಲ್ಲಿ ಮಳೆ ಅಳೆಯುವ ಸಾಧನಕ್ಕೆ ಬೋರ್ಡಿನ ಮೇಲೆ ಏನು ಬರೆಯಬೇಕು?

ಇಂಡಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಮಕ್ಕಳು ಮಳೆ ಅಳೆಯಲು ಒಂದು ಸಾಧನ ಮಾಡಿದ್ದಾರೆ. ಪ್ಲಾಸ್ಟಿಕ್ ಬಾಟ್ಲಿಯ ಮೇಲಿನ ಭಾಗ ಕತ್ತರಿಸಿ, ಅದನ್ನೇ ಬೋರಲು ಮಾಡಿ ಬಾಯಿಗೆ ಕೂರಿಸಿದ್ದಾರೆ. ತಳ ಸಪಾಟಾಗಿಲ್ಲ. ಅದಕ್ಕೆ ಹರಳು ಹಾಕಿ, ಬಾಟ್ಲಿಯ ಬದಿ ನೆಟ್ಟಗಾಗುವ ಎತ್ತರದ ತನಕ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆದಿದ್ದಾರೆ. ಗೆರೆಯಿಂದ ಮೇಲಕ್ಕೆ ಪಟ್ಟಿ ಅಂಟಿಸಿದೆ. ನಾಳೆ ಪೇಂಟರ್ ಬರುತ್ತಾರೆ. ಹೆಸರು ಬೇಕು. 'ಮಳೆಮಾಪಕ' ಎಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಮಕ್ಕಳು 'ಮಳಿ ಬಾಟ್ಲಿ' ಅಂತಾರೆ. ಯಾವುದು ಸರಿ? ಮಿ.ಮೀ. ಅಂದರೆ ಏನು ಅಂತ ಒಂದು ಸಾಲೂ ಬೇಕು.

ಬೆಳಗಾವಿಯಿಂದ:
ಮಳೆಮಾಪಕ ಅರಿಸಮಾಸ. ಮಳೆ ಕನ್ನಡ, ಮಾಪಕ ಸಂಸ್ಕೃತ. ಶಾಲೆಯ ಬೋರ್ಡಿನ ಮೇಲೆ ಇಂಥದ್ದು ಬೇಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದಕ್ಕೆ ಹೆಸರಿದೆ. ಉಗ್ರಾಣದಲ್ಲಿ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ, ಅಗಲ ಬಾಯಿಯ ಕುಂಡ ಇಟ್ಟು ಮಳೆ ಅಳೆಯಬೇಕು ಅಂತಾನೆ. ಅದು 'ವರ್ಷಮಾನ'. ಹಳೆಯ ಪದ ಇರುವಾಗ ಹೊಸದು ಯಾಕೆ?

ಜಮಖಂಡಿಯಿಂದ:
ವರ್ಷಮಾನ ನಡೆಯುವುದಿಲ್ಲ. ವರ್ಷ ಅಂದರೆ ಹುಡುಗರಿಗೆ ಹನ್ನೆರಡು ತಿಂಗಳು, ಅಷ್ಟೇ. 'ಮಳೆಯಳಕ' ಅಂತ ಬರೆಸಿ. ಮಳೆ ಹಳಗನ್ನಡದಲ್ಲಿ 'ಮೞೆ'. ಅಳೆ ಎಂಬುದರಲ್ಲಿ ಮೊದಲಿನಿಂದಲೂ ಳ. ಈಗ ಎರಡೂ ಒಂದೇ ರೀತಿ ಕೇಳಿಸುತ್ತವೆ, ಆದರೆ ಬೇರು ಬೇರೆ ಬೇರೆ. ಎರಡೂ ತಮಿಳಿನಲ್ಲಿ ಇವತ್ತಿಗೂ ಇವೆ. ೞ ಅಂತೂ ಹೋಯಿತು. ಅಳೆಯನ್ನೂ ಬಿಟ್ಟುಕೊಡಬೇಕಾ?

ಬಾಗಲಕೋಟೆಯಿಂದ:
ಮಳೆಯಳಕ ಅಂತ ಬರೆದರೆ ಅದರ ಕೆಳಗೆ ಅರ್ಥವನ್ನೂ ಬರೆಯಬೇಕಾಗುತ್ತದೆ. ಬೆಳಗಾವಿ ಸರ್, ಮಳೆಗಾಲ ಅಂತ ನೀವೂ ಅಂತೀರಿ. ಅದರಲ್ಲಿ ಕಾಲ ಯಾವ ಭಾಷೆಯದು?

ಬೆಳಗಾವಿಯಿಂದ:
ಕಾಲ ಸಮಸಂಸ್ಕೃತ, ಅಂದರೆ ರೂಪ ಬದಲಿಸದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ. ಅದು ಕನ್ನಡ ಪದದ ಜೊತೆ ಸೇರಬಹುದು. ವ್ಯಾಕರಣ ನೋಡಿಕೊಂಡು ಬರೆಯಿರಿ.

ಬಾಗಲಕೋಟೆಯಿಂದ:
ಮಾಪಕವೂ ರೂಪ ಬದಲಿಸದೆ ಬಂದಿದೆಯಲ್ಲ ಸರ್. ಕಾಲಕ್ಕೆ ಒಂದು ನ್ಯಾಯ, ಮಾಪಕಕ್ಕೆ ಇನ್ನೊಂದಾ? ಹಿಂದಿನ ಕವಿಗಳು ಬಳಸಿದ ಅರಿಸಮಾಸಗಳನ್ನು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿಕೊಂಡಿದ್ದಾನೆ.

ನಿಪ್ಪಾಣಿಯಿಂದ:
ನಮ್ಮ ಕಡೆ ಮರಾಠಿ ಓದಿದವರು 'ಪರ್ಜನ್ಯಮಾಪಕ' ಅಂತಾರೆ. ಅದೂ ಆಗುತ್ತದೆ.

ಜಮಖಂಡಿಯಿಂದ:
ಮರಾಠಿಯಿಂದ ತರುವ ಗತಿ ಬಂದಿಲ್ಲ.

ನಿಪ್ಪಾಣಿಯಿಂದ:
ಪರ್ಜನ್ಯ ಮರಾಠಿಗೂ ಸಂಸ್ಕೃತದಿಂದಲೇ ಬಂದದ್ದು. ಎರವಲು ಬೇಡ ಅನ್ನುವವರು ಮೊದಲು ಬಾಟ್ಲಿ ಬಿಡಿ, ಲೀಟರ್ ಬಿಡಿ, ಮಿಲಿಮೀಟರ್ ಬಿಡಿ. ಆಮೇಲೆ ಯಾವುದರಲ್ಲಿ ಅಳೆಯುತ್ತೀರಿ?

ಬಾಗಲಕೋಟೆಯಿಂದ:
ಇಂಡಿ ಅಕ್ಕಾರೆ, ಮಳೆಮಾಪಕ ಅಂತಲೇ ಬರೆಸಿ. ಓದಿದ ಕೂಡಲೇ ತಿಳಿಯುತ್ತದೆ. ನನಗೆ ಹೆಸರಿಗಿಂತ ಆ ಒಂದು ಸಾಲಿನ ಚಿಂತೆ ಜಾಸ್ತಿ. ಮಕ್ಕಳು ಮಿ.ಮೀ. ಮತ್ತು ಮಿ.ಲೀ. ಎರಡನ್ನೂ ಕಲಸಿಬಿಡುತ್ತಾರೆ. ಹೀಗೆ ಬರೆಸಿ: '1 ಮಿ.ಮೀ. ಮಳೆ ಎಂದರೆ 1 ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರು.' ನಿಮ್ಮ ಬಾಟ್ಲಿಯಲ್ಲಿ ಬಾಯಿ, ಹೊಟ್ಟೆ ಎರಡೂ ಒಂದೇ ಅಗಲ ಇರುವುದರಿಂದ ಪಟ್ಟಿ ನೋಡಿದರೆ ಸಾಕು. ಬೇರೆ ಪಾತ್ರೆಗೆ ಅಗಲ ಬಾಯಿ ಕೂರಿಸಿದರೆ ಲೆಕ್ಕ ಬೇರೆ. ಬಾಯಿ 10 ಸೆಂ.ಮೀ. ಅಗಲವಿದ್ದರೆ ಸುಮಾರು 7.85 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ.

'ಇಂದಿನ ಮಳೆ' ಅಂತ ಬರೆಸಬೇಡಿ. ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ. ಆ ಅಂಕಿಯಲ್ಲಿ ನಿನ್ನೆ ಹಗಲಿನ ಮಳೆಯೂ ಸೇರಿರುತ್ತದೆ. 'ಬೆಳಿಗ್ಗೆ 8:30ರವರೆಗೆ' ಅಂತ ಹಾಕಿಸಿ. ಪಕ್ಕದಲ್ಲಿ ಉತ್ತರಿ, ಹಸ್ತಿ, ಚಿತ್ತಿ ಅಂತ ಮಳೆಯ ಹೆಸರಿಗೂ ಒಂದು ಜಾಗ ಬಿಡಿಸಿ. ಹಿಂಗಾರಿ ಜೋಳ ಬಿತ್ತುವ ಹಿರಿಯರು ಬಂದು ನೋಡಿದರೆ ಅದನ್ನೇ ಮೊದಲು ಹುಡುಕುತ್ತಾರೆ. ಇಷ್ಟು ಮಿ.ಮೀ. ಬಿದ್ದರೆ ಎರೆ ಹೊಲಕ್ಕೆ ಹದ ಆಗುತ್ತಾ ಅಂತ ಮಕ್ಕಳು ಅವರನ್ನೇ ಕೇಳಲಿ.

ಇಂಡಿಯಿಂದ:
ಮಳೆಮಾಪಕ ಅಂತ ಬರೆಸುತ್ತೇನೆ. ನಕ್ಷತ್ರದ ಹೆಸರಿನ ಜಾಗಕ್ಕೆ ಬಣ್ಣ ಬೇಡ, ಕರಿಹಲಗೆ ಇಡುತ್ತೇವೆ. ಬದಲಾಯಿಸುತ್ತಾ ಹೋಗಬಹುದು.

ಬೆಳಗಾವಿಯಿಂದ:
ನನ್ನ ಆಕ್ಷೇಪ ಹಾಗೇ ಇದೆ. ಬಾಟ್ಲಿಯನ್ನು ಗಿಡದ ಕೆಳಗೆ ಇಟ್ಟಿಲ್ಲ ತಾನೇ?