ಅಪ್‌ಡೇಟ್: ವರ್ಷಾಂತ್ಯದ ಚಿತ್ರಗಳು ಕೊನೆಗೂ ಅವರ ಕೈಸೇರಿದವು

ಈ ವರ್ಷ ಚಿತ್ರದುರ್ಗದ ಕೋಟೆಯಲ್ಲಿ ನನ್ನ ಕ್ಯಾಮೆರಾದೆದುರು ನಿಂತವರಿಗೆಲ್ಲ ಕೃತಜ್ಞತೆಯಿಂದ ಅವರವರ ಚಿತ್ರ ಮುದ್ರಿಸಿ ಕೊಡಬೇಕೆಂದಿದ್ದೇನೆ, ಆದರೆ ಮುದ್ರಣಗಳೆಲ್ಲ ಕಪ್ಪಾಗಿ ಬರುತ್ತಿವೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಹೊಳಪಿನ ಕಾಗದ ಬಳಸುವ ಸಲಹೆ ನನಗೆ ಫಲ ಕೊಡಲಿಲ್ಲ; ಪರದೆಯ ಪ್ರಖರತೆಯನ್ನು ತಗ್ಗಿಸಿ ತಿದ್ದಿರಿ ಎಂದವರ ಮಾತೇ ಸರಿಯಾಯಿತು, ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ ಎಂಬುದನ್ನು ಗಮನಿಸದೆ, ನಾನು ಇಷ್ಟು ದಿನ ಪೂರ್ಣ ಪ್ರಖರತೆಯಲ್ಲೇ ಚಿತ್ರಗಳನ್ನು ತಿದ್ದುತ್ತಿದ್ದೆ.

ನಾನು ನಿರೀಕ್ಷಿಸದಿದ್ದ ಸಂಗತಿ ಬೇರೆಯೇ ಇತ್ತು. ಹೂ ಮಾರುವ ಅಜ್ಜಿಯೊಬ್ಬರು, ಏಕನಾಥೇಶ್ವರಿ ಗುಡಿಯ ಬಳಿ ತೆಗೆದ, ನಾನು ಬಹಳ ಮೆಚ್ಚಿಕೊಂಡಿದ್ದ ನೆರಳು-ಬೆಳಕಿನ ಚಿತ್ರವನ್ನು ಪಕ್ಕಕ್ಕಿಟ್ಟು, ಮೊಮ್ಮಗಳೊಡನೆ ನಗುತ್ತಿರುವ ಸಾಧಾರಣ ಚಿತ್ರವನ್ನೇ ಎದೆಗೊತ್ತಿಕೊಂಡರು. ಮುಂದಿನ ವರ್ಷ ಮುದ್ರಣಕ್ಕೆ ಕಳುಹಿಸುವ ಮುನ್ನ, ಯಾವ ಚಿತ್ರ ಬೇಕೆಂದು ಅವರನ್ನೇ ಕೇಳುತ್ತೇನೆ.