ಠೇವಣಿ ಅಷ್ಟೇ ಇದೆ, ಲಾಭ ಯಾಕೆ ಕರಗ್ತಿದೆ?

ಪ್ರಶ್ನೆ (ಶಿಡ್ಲಘಟ್ಟದಿಂದ): ಸರ್, ನಮ್ಮದು ಸುಮಾರು 100 ಕೋಟಿ ಠೇವಣಿಯ ಪಟ್ಟಣ ಸಹಕಾರ ಬ್ಯಾಂಕು. ಸಾಲ ವಸೂಲಿ ಚೆನ್ನಾಗಿದೆ, ಆದ್ರೂ ಲಾಭ ಇಳೀತಿದೆ. ಯುಪಿಐನಿಂದ ಕಮಿಷನ್ ಹೋಯ್ತು ಅಂತ ಆಡಳಿತ ಮಂಡಳಿಯಲ್ಲಿ ಎಲ್ಲರೂ ಅದನ್ನೇ ಬೈತಾರೆ. ಕಾರಣ ಅದೇನಾ?

ಉತ್ತರ: 2020ರ ಜನವರಿಯಿಂದ ಯುಪಿಐಗೆ ಎಂಡಿಆರ್ (ಪಾವತಿ ಪಡೆದ ವರ್ತಕ ಕೊಡೋ ಶುಲ್ಕ) ಸೊನ್ನೆ, ಅದು ನಿಜ. ಆದ್ರೆ ದೊಡ್ಡ ಪೆಟ್ಟು ಬೇರೆ ಕಡೆ ಇರಬಹುದು. ಉಳಿತಾಯದಲ್ಲಿ 30 ಕೋಟಿ ಶೇ 3ಕ್ಕೆ, ಎಫ್‌ಡಿಯಲ್ಲಿ 70 ಕೋಟಿ ಶೇ 7.5ಕ್ಕೆ ಇದ್ರೆ ವರ್ಷಕ್ಕೆ ನೀವು ಕೊಡೋ ಬಡ್ಡಿ 6.15 ಕೋಟಿ. ಉಳಿತಾಯ 20ಕ್ಕೆ ಇಳಿದು ಎಫ್‌ಡಿ 80 ಆಯ್ತು ಅನ್ನಿ: 6.60 ಕೋಟಿ. ಒಟ್ಟು ಠೇವಣಿ ಅಷ್ಟೇ, 45 ಲಕ್ಷ ಹೋಯ್ತು.

ಉಳಿತಾಯ ಇಳಿಯೋದು ಹೀಗೆ: ರೇಷ್ಮೆ ಗೂಡು ಮಾರಿದ ದುಡ್ಡು ಮೊದಲು ಖಾತೆಯಲ್ಲಿ ನಾಲ್ಕು ದಿನ ಕೂತಿರ್ತಿತ್ತು. ಈಗ ರೈತ ಜಗಲಿ ಮೇಲೆ ಕೂತೇ ಗೊಬ್ಬರದಂಗಡಿಗೆ, ಚೀಟಿಗೆ, ಮಗಳ ಫೀಸಿಗೆ ಕಳಿಸಿಬಿಡ್ತಾನೆ. ಅಂಗಡಿಯವನ ಕ್ಯೂಆರ್ ಬೇರೆ ಬ್ಯಾಂಕಿನ ಖಾತೆಗೆ ಜೋಡಿಸಿದ್ರೆ ಆ ದುಡ್ಡು ನಿಮಗೆ ವಾಪಸ್ ಬರಲ್ಲ.

ಉಳಿತಾಯ ಖಾತೆಗಳಲ್ಲಿ ತಿಂಗಳ ಕೊನೇ ದಿನ ಉಳಿದ ಹಣ ನೋಡ್ಬೇಡಿ, ಅದು ಕಣ್ಕಟ್ಟು. ಸಿಬಿಎಸ್‌ನಿಂದ (ಬ್ಯಾಂಕಿನ ಖಾತೆಗಳನ್ನೆಲ್ಲ ನಡೆಸೋ ಸಾಫ್ಟ್‌ವೇರ್) ದಿನದ ಸರಾಸರಿ ಉಳಿಕೆ ತೆಗೀರಿ, 24 ತಿಂಗಳದ್ದು. ಆಮೇಲೆ ನಿಮ್ಮ ಸಾಲಗಾರ ವರ್ತಕರ ಅಂಗಡಿಗೇ ಹೋಗಿ, ಗೋಡೆ ಮೇಲಿನ ಕ್ಯೂಆರ್‌ನ ಹಣ ಯಾವ ಖಾತೆಗೆ ಬೀಳುತ್ತೆ ಕೇಳಿ. ಓಡಿ (ಓವರ್‌ಡ್ರಾಫ್ಟ್, ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟೋ) ಸಾಲ ನಿಮ್ಮದು, ಕ್ಯೂಆರ್ ಹಣ ಬೀಳೋ ಖಾತೆ ಇನ್ನೊಂದು ಬ್ಯಾಂಕಿನದ್ದು ಅಂದ್ರೆ ನವೀಕರಣದ ಹೊತ್ತಿಗೆ ಮಾತಾಡಿ. ಕ್ಯೂಆರ್ ಹಣ ನೇರ ಓಡಿ ಖಾತೆಗೇ ಬಿದ್ರೆ ಅವರಿಗೂ ಬಡ್ಡಿ ಉಳಿಯುತ್ತೆ.

ಮರುಪ್ರಶ್ನೆ (ಚಿಂತಾಮಣಿ): ನಮ್ಮ ಕ್ಯೂಆರ್ ಕೊಟ್ವಿ ಸರ್, ಪೇಮೆಂಟ್ ಫೇಲ್ ಆಗುತ್ತೆ ಅಂತ ವರ್ತಕರು ವಾಪಸ್ ಕೊಟ್ರು.

ಉತ್ತರ: ಮೊದಲು ವಿಂಗಡಿಸಿ. ತಪ್ಪು ಪಿನ್, ಖಾತೆಯಲ್ಲಿ ಹಣ ಇಲ್ಲದ್ದು ಗ್ರಾಹಕರ ಕಡೆಯದ್ದು. ಸರ್ವರ್ ಉತ್ತರ ಕೊಡದ್ದು ನಿಮ್ಮದು, ನಿಮ್ಮ ಪ್ರಾಯೋಜಕ ಬ್ಯಾಂಕಿನದ್ದು (ನಿಮ್ಮನ್ನ ಯುಪಿಐಗೆ ಜೋಡಿಸೋ ದೊಡ್ಡ ಬ್ಯಾಂಕು), ಇಲ್ಲಾ ಹಣ ಕಳಿಸೋರ ಬ್ಯಾಂಕಿನದ್ದು ಇರಬಹುದು. ಫೇಲ್ ಆದ ಪೇಮೆಂಟ್‌ಗಳ ಗಂಟೆವಾರು ಪಟ್ಟಿ ಕೇಳಿ. ರಾತ್ರಿ ದಿನಾಂತ್ಯದ (ಆ ದಿನದ ಲೆಕ್ಕ ಮುಗಿಸೋ) ಹೊತ್ತಲ್ಲೇ ಗುಡ್ಡೆ ಬಿದ್ದಿದ್ರೆ ಸಿಬಿಎಸ್ ಕಂಪನಿಯನ್ನ ಹಿಡೀರಿ. ಗ್ರಾಹಕರ ಖಾತೆಯಿಂದ ಕಡಿತವಾಗಿ ವರ್ತಕರಿಗೆ ಖಾತ್ರಿ ಸಿಗದಿದ್ರೆ 5 ದಿನದೊಳಗೆ ತಾನಾಗೇ ವಾಪಸಾಗ್ಬೇಕು, ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ; ಇದು ಆರ್‌ಬಿಐನ 2019ರ ನಿಯಮ. ಕೌಂಟರಿನಲ್ಲಿ ಇದನ್ನ ಬಿಡಿಸಿ ಹೇಳೋಕೆ ಒಬ್ಬ ಗುಮಾಸ್ತರನ್ನ ಕೂರಿಸಿ. ಆ್ಯಪ್ ಕಂಪನಿಗೆ ನಿಮ್ಮೂರಲ್ಲಿ ಕೌಂಟರೇ ಇಲ್ವಲ್ಲ.