ಗೋಮಾಳ ತುಂಬಾ ಲಂಟಾನ: ತೆಗೆದ ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮೂರು ಹನೂರು ಕಡೆ, ಕಾಡಂಚಿನಲ್ಲಿದೆ. ಗೋಮಾಳವನ್ನು ಲಂಟಾನ ಅನ್ನೋ ಕಳೆ ಪೊದೆ ಮುಚ್ಚಿಬಿಟ್ಟಿದೆ, ದನಕ್ಕೆ ಮೇವಿಲ್ಲ. ಯುವಕರ ಸಂಘದಲ್ಲಿ ಕೆಲವರು ಜೆಸಿಬಿ ತರಿಸೋಣ ಅಂತಾರೆ, ಕೆಲವರು ಬೆಂಕಿ ಇಡೋಣ ಅಂತಾರೆ. ಯಾವುದು ಸರಿ?

ಉತ್ತರ: ದಯವಿಟ್ಟು ಎರಡೂ ಬೇಡ. ಜೆಸಿಬಿ ನೆಲ ಕೆದಕಿದರೆ ಮಣ್ಣಲ್ಲಿರುವ ಬೀಜಗಳೆಲ್ಲ ಎದ್ದು ಬರುತ್ತವೆ, ಜೊತೆಗೆ ಕಾಂಗ್ರೆಸ್ ಗಿಡವೂ. ಬೆಂಕಿ ಇಟ್ಟರೆ ಬುಡ ಮತ್ತೆ ಚಿಗುರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಹಿರಿಯರು ಹೇಳುವ ತರಗು ಬೆಂಕಿಯೇ ಬೇರೆ. ಅದು ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಯನ್ನಷ್ಟೇ ಸುಡುತ್ತಿತ್ತು. ಅದು ನಿಂತ ಮೇಲೆಯೇ ಲಂಟಾನ ಹೆಚ್ಚಿತು ಅನ್ನುತ್ತಾರೆ ಅವರು. ಈಗಿನ ದಟ್ಟ ಪೊದೆಗೆ ಬೆಂಕಿ ಬಿದ್ದರೆ ಮರಗಳೂ ಉಳಿಯುವುದಿಲ್ಲ.

ನಾವು ಅನುಸರಿಸಿದ್ದು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ. ಮಳೆ ಬಿದ್ದು ನೆಲ ಮೆತ್ತಗಾದಾಗ, ಕಾಯಿ ಹಣ್ಣಾಗುವ ಮೊದಲು, ಗುದ್ದಲಿಯಿಂದ ತಾಯಿಬೇರನ್ನು ಮಣ್ಣಿನೊಳಗೆ 3-5 ಸೆಂ.ಮೀ. ಕೆಳಗೆ ಕತ್ತರಿಸಬೇಕು. ಚಿಗುರುವ ಭಾಗ ಅದರ ಮೇಲೆಯೇ ಇರುತ್ತದೆ. ಆಮೇಲೆ ಪೊದೆಯನ್ನು ಬೇರು ಮೇಲಾಗಿ ಮಗುಚಿ ಹಾಕಿ ಒಣಗಲು ಬಿಡಿ. ಪೊದೆಯೊಳಗೆ ಕಾರೆ, ಕಕ್ಕೆ, ನೆಲ್ಲಿ ಸಸಿಗಳು ಅಡಗಿರುತ್ತವೆ, ಅವನ್ನು ಕಡಿಯಬೇಡಿ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಹಾಗಾಗಿ ಪ್ರತಿ ಮರದ ಕೆಳಗೂ ಮರಿ ಲಂಟಾನ ಏಳುತ್ತದೆ. ಕೆಲವು ವರ್ಷ ಮಳೆಗಾಲದಲ್ಲಿ ಅದನ್ನು ಕಿತ್ತರೆ ಮಾತ್ರ ನೆಲ ನಿಮ್ಮದು. ಅದಕ್ಕೇ ಇಡೀ ಗೋಮಾಳಕ್ಕೆ ಒಟ್ಟಿಗೇ ಕೈ ಹಾಕಬೇಡಿ. ಕಾಯಲು ಆಗುವಷ್ಟು ಜಾಗ ಮಾತ್ರ ತೆಗೆಯಿರಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ನಾನು ಸೇರಿಸುವುದು ಹುಲ್ಲಿನ ವಿಷಯ. ಎಲ್ಲರೂ ಸಸಿ ನೆಡಲು ಓಡುತ್ತಾರೆ, ಆದರೆ ಮೊದಲು ಹುಲ್ಲು ಬರಬೇಕು ಅಲ್ವಾ? ಬರಿ ನೆಲ ಬಿಟ್ಟರೆ ಲಂಟಾನವೇ ವಾಪಸ್ ಬರುತ್ತದೆ. ಸುತ್ತಲಿನ ಬಯಲಿನ ಹುಲ್ಲಿನ ಬೀಜ ಕೂಡಿಟ್ಟು, ಮಳೆಗೆ ಮುಂಚೆ ಎರಚಿ, ಆ ಜಾಗಕ್ಕೆ ದನ ಬಿಡಬೇಡಿ. ಇದಕ್ಕೆ ಊರೆಲ್ಲ ಒಪ್ಪಬೇಕು, ಕುರಿ ಮೇಯಿಸುವವರನ್ನು ಮೊದಲ ಸಭೆಗೇ ಕರೆಯಿರಿ.

ಮತ್ತೊಬ್ಬರು: ಕಡಿದ ಕಡ್ಡಿ ಸುಮ್ನೆ ಬಿಸಾಡಬೇಡಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಮಾಡುತ್ತಾರೆ. ನಿಮಗೆ ಹತ್ತಿರವೇ, ಹೋಗಿ ಕಲಿಯಿರಿ. ಗೋಮಾಳಕ್ಕೆ ಪಂಚಾಯಿತಿಯಲ್ಲಿ ಮಾತಾಡಿಕೊಳ್ಳಿ. ಗಡಿ ದಾಟಿ ಅರಣ್ಯದೊಳಗೆ ಒಂದು ಪೊದೆ ಮುಟ್ಟುವುದಿದ್ದರೂ ಇಲಾಖೆಯ ಅನುಮತಿ ಬೇಕು.